ಬ್ಯಾಡಗಿಯ ಮೆಣಸಿನಕಾಯಿ ಧೂಳು ಮತ್ತು ಒಂದು ಫೋನಿನ ದುರಸ್ತಿ

ಮಾರ್ಚ್ ತಿಂಗಳ ಎರಡನೆಯ ವಾರ ಬ್ಯಾಡಗಿಯಿಂದ ಹುಬ್ಬಳ್ಳಿಗೆ ಬಂದ ನನ್ನ ಸೋದರಮಾವ, ಚಹಾ ಕುಡಿಯುವುದಕ್ಕೂ ಮೊದಲು ಅಂಗಿಯ ಕಿಸೆಯಿಂದ ತಮ್ಮ ಫೋನನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಅಲ್ಲಿನ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಅವರು ಲೆಕ್ಕ ಬರೆಯುತ್ತಾರೆ. ಸುಗ್ಗಿಯ ದಿನಗಳಲ್ಲಿ ಚೀಲ ಬಿಚ್ಚಿ ರಾಶಿ ಸುರಿಯುವಾಗಲೂ, ಟೆಂಡರ್ ಮುಗಿದ ಮೇಲೆ ಮತ್ತೆ ಚೀಲ ತುಂಬಿ ತೂಗುವಾಗಲೂ ಏಳುವ ಕೆಂಪು ಧೂಳಿನ ನಡುವೆಯೇ ಅವರ ಫೋನು ದಿನವಿಡೀ ಕಿಸೆಯಿಂದ ಕಿವಿಗೆ, ಕಿವಿಯಿಂದ ಕಿಸೆಗೆ ಓಡಾಡುತ್ತದೆ. ಐದು ವರ್ಷ ಹಳೆಯದಾದ, ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನು ಅದು. ಕಿವಿಗೆ ಹಚ್ಚುವ ಜಾಗದ ಸಣ್ಣ ಜಾಲರಿಯೊಳಗೆ ಕುಂಕುಮ ತುಂಬಿದಂತೆ ಕಾಣುತ್ತಿತ್ತು.

"ಏನಪಾ, ಕಿವಿಗೆ ಹಿಡದ್ರ ಸ್ಕ್ರೀನ್ ಆರತೈತಿ, ಅದು ಖರೆ. ಆದ್ರ ಕಿವಿಯಿಂದ ತಗದ ಮ್ಯಾಲೂ ಹೊಳ್ಳಿ ಹತ್ತವಲ್ದು. ಕಟ್ ಮಾಡಾಕ ಸೈಡಿನ ಬಟನ್ ಒತ್ತಿದ್ರ ಒಂದೊಂದ ಸಲ ಕೇಳತೈತಿ, ಒಂದೊಂದ ಸಲ ಇಲ್ಲ. ಮಧ್ಯಾಹ್ನ ಅಂತೂ ತಾನ ಏನೇನೋ ಒತ್ಕೊಂತೈತಿ" ಎಂದು ಅವರು ಹೇಳಿದ್ದನ್ನು ನಾನು ಹಾಗೆಯೇ ಬರೆದುಕೊಂಡೆ. ದುರಸ್ತಿಗೆ ಕೂರುವಾಗ ಫೋನಿನ ಮಾಲೀಕರ ಮಾತನ್ನು ಅವರದೇ ಶಬ್ದಗಳಲ್ಲಿ ಬರೆದಿಟ್ಟುಕೊಳ್ಳುವುದು ನನ್ನ ರೂಢಿ. ಈ ಸಲ ಅದರಿಂದ ತುಂಬ ಉಪಯೋಗವಾಯಿತು, ಏಕೆಂದರೆ ದೋಷದ ಗುಟ್ಟು "ತಗದ ಮ್ಯಾಲೂ ಹತ್ತವಲ್ದು" ಎಂಬ ಮಾತಿನಲ್ಲಿಯೇ ಇತ್ತು. ಅವರು ಮೊದಲೇ ಒಂದು ಅಂಗಡಿಯಲ್ಲಿ ತೋರಿಸಿದ್ದರು. ಕಾಂಬೋ ಬದಲಾಯಿಸಬೇಕೆಂದು, ಅಂದರೆ ಗಾಜು, ಟಚ್ ಮತ್ತು ಡಿಸ್‌ಪ್ಲೇ ಮೂರೂ ಒಂದಕ್ಕೊಂದು ಅಂಟಿಕೊಂಡ ಇಡೀ ತುಂಡನ್ನೇ ಹೊಸದು ಹಾಕಬೇಕೆಂದು ಅಲ್ಲಿ ಹೇಳಿದ್ದರಂತೆ. ಮೂರು ತೊಂದರೆಗಳೂ ಪರದೆಯ ಮೇಲೆಯೇ ಕಾಣಿಸಿಕೊಳ್ಳುತ್ತಿದ್ದುದರಿಂದ ಪರದೆಯೇ ಕೆಟ್ಟಿದೆ ಎಂದು ಅನಿಸುವುದು ಸಹಜ. ಆದರೆ ಸ್ಕ್ರೂ ಬಿಚ್ಚುವ ಮುನ್ನ ಅಳೆದು ನೋಡಬಹುದಾದದ್ದನ್ನೆಲ್ಲ ಅಳೆದು ನೋಡಬೇಕೆಂದು ನಾನು ತೀರ್ಮಾನಿಸಿದೆ.

ಮೊದಲು ಟಚ್ ಪರೀಕ್ಷಿಸಿದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಎಂಬ ಸಾಲನ್ನು ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ, ಅವುಗಳಲ್ಲಿ ಪಾಯಿಂಟರ್ ಲೊಕೇಶನ್ ಎಂಬುದೊಂದಿದೆ. ಅದನ್ನು ಆನ್ ಮಾಡಿದರೆ ಬೆರಳು ಎಲ್ಲೆಲ್ಲಿ ಹಾಯ್ದುಹೋಯಿತೋ ಅಲ್ಲೆಲ್ಲ ಗೆರೆ ಮೂಡುತ್ತದೆ ಮತ್ತು ಮೇಲಿನ ಪಟ್ಟಿಯಲ್ಲಿ ಅದರ ಸ್ಥಾನದ ಅಂಕಿಗಳು ಕಾಣುತ್ತವೆ. ಹೊಲದಲ್ಲಿ ಸಾಲು ಹೊಡೆದಂತೆ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಆಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆಯುತ್ತ ಹೋದೆ. ಒಂದು ಗೆರೆಯೂ ತುಂಡಾಗಲಿಲ್ಲ. ಟಚ್ ನಿಜವಾಗಿ ಸತ್ತಿದ್ದರೆ ಯಾವುದಾದರೊಂದು ಪಟ್ಟಿಯಲ್ಲಿ ಗೆರೆ ಕಡಿದುಹೋಗಿ, ಆ ಪಟ್ಟಿ ಪರದೆಯ ಉದ್ದಕ್ಕೋ ಅಡ್ಡಕ್ಕೋ ನೇರವಾಗಿ ಸಾಗುತ್ತಿತ್ತು.

ಹಾಗೇಕೆಂದು ತಿಳಿಯಲು ಪರದೆಯೊಳಗಿನ ವ್ಯವಸ್ಥೆಯನ್ನು ನೆನೆಯಬೇಕು. ಗಾಜಿನ ಅಡಿಯಲ್ಲಿ ಇಂಡಿಯಂ ಟಿನ್ ಆಕ್ಸೈಡ್ ಎಂಬ, ಬೆಳಕನ್ನೂ ವಿದ್ಯುತ್ತನ್ನೂ ಹಾಯಗೊಡುವ ವಸ್ತುವಿನ ತೆಳುಗೆರೆಗಳು ಇರುತ್ತವೆ. ಇಳಕಲ್ ಸೀರೆಯ ಹಾಸು ಮತ್ತು ಹೊಕ್ಕು ಎಳೆಗಳಂತೆ ಅವು ಎರಡು ದಿಕ್ಕಿನಲ್ಲಿ ಹಾಯ್ದಿರುತ್ತವೆ, ಆದರೆ ಒಂದನ್ನೊಂದು ಮುಟ್ಟುವುದಿಲ್ಲ. ಎರಡು ಗೆರೆಗಳು ಅಡ್ಡ ಹಾಯುವ ಪ್ರತಿಯೊಂದು ಜಾಗವೂ ಒಂದು ಪುಟ್ಟ ಧಾರಕ, ಅಂದರೆ ಕೆಪಾಸಿಟರ್. ನಿಯಂತ್ರಕ ಚಿಪ್ ಒಂದು ದಿಕ್ಕಿನ ಗೆರೆಗಳಿಗೆ ಒಂದಾದ ಮೇಲೊಂದರಂತೆ ವಿದ್ಯುತ್ ಮಿಡಿತಗಳನ್ನು ಕಳಿಸುತ್ತ, ಇನ್ನೊಂದು ದಿಕ್ಕಿನ ಗೆರೆಗಳಲ್ಲಿ ಎಷ್ಟು ಆವೇಶ, ಅಂದರೆ ಎಷ್ಟು ವಿದ್ಯುತ್ ಚಾರ್ಜ್, ಬಂದು ಸೇರಿತೆಂದು ಅಳೆಯುತ್ತದೆ. ಬೆರಳು ಹತ್ತಿರ ಬಂದಾಗ, ನಮ್ಮ ಮೈಯಲ್ಲಿ ಉಪ್ಪುನೀರು ಇರುವುದರಿಂದ, ಆ ಆವೇಶದ ಒಂದು ಪಾಲು ಬೆರಳಿನ ಕಡೆಗೆ ತಿರುಗಿ ಅಳತೆ ಕಡಿಮೆಯಾಗುತ್ತದೆ. ಇಲ್ಲಿನ ಧಾರಕತೆಯನ್ನು, ಅಂದರೆ ಆವೇಶ ಹಿಡಿದಿಡುವ ಸಾಮರ್ಥ್ಯವನ್ನು, ಅಳೆಯುವುದು ಪಿಕೋಫ್ಯಾರಡ್‌ಗಳಲ್ಲಿ, ಅಂದರೆ ಒಂದು ಫ್ಯಾರಡ್‌ನ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲಿನ ಲೆಕ್ಕದಲ್ಲಿ. ಬೆರಳಿನಿಂದ ಆಗುವ ವ್ಯತ್ಯಾಸ ಅದಕ್ಕಿಂತಲೂ ಚಿಕ್ಕದು. ಗೆರೆಗಳ ನಡುವಿನ ಅಂತರ ನಾಲ್ಕೈದು ಮಿಲಿಮೀಟರ್ ಇದ್ದರೂ, ಅಕ್ಕಪಕ್ಕದ ನಾಲ್ಕಾರು ಸಂಧಿಗಳಲ್ಲಿ ಯಾವುದರ ಅಳತೆ ಎಷ್ಟು ಇಳಿಯಿತೆಂದು ತೂಗಿ ನೋಡಿ, ಬೆರಳಿನ ನಡುವಿನ ಬಿಂದುವನ್ನು ಚಿಪ್ ಒಂದು ಮಿಲಿಮೀಟರಿಗಿಂತ ಸೂಕ್ಷ್ಮವಾಗಿ ಲೆಕ್ಕ ಹಾಕುತ್ತದೆ. ಒಂದು ಗೆರೆ ಕಡಿದರೆ ಅದರ ಮೇಲಿನ ಸಂಧಿಗಳೆಲ್ಲ ಒಟ್ಟಿಗೆ ಮಾತು ನಿಲ್ಲಿಸುತ್ತವೆ. ಸತ್ತ ಜಾಗ ನೇರವಾದ ಪಟ್ಟಿಯಾಗಿ ಕಾಣುವುದು ಇದೇ ಕಾರಣಕ್ಕೆ.

ಮಾವನಿಗೆ ಇದನ್ನು ತೋರಿಸಲು ಅಡುಗೆಮನೆಯಿಂದ ಎರಡು ಮೆಣಸಿನಕಾಯಿ ತಂದೆ, ಒಂದು ಹಸಿಯದು, ಇನ್ನೊಂದು ಅವರೇ ತಂದಿದ್ದ ಒಣ ಬ್ಯಾಡಗಿ. ಹಸಿ ಮೆಣಸಿನಕಾಯಿಯನ್ನು ಬೆರಳಲ್ಲಿ ಹಿಡಿದು ಅದರ ಮಗ್ಗುಲನ್ನು ಗಾಜಿನ ಮೇಲೆ ಎಳೆದಾಗ ಬೆರಳಿನಿಂದ ಎಳೆದಂತೆಯೇ ಗೆರೆ ಮೂಡಿತು. ಒಣ ಮೆಣಸಿನಕಾಯಿಯನ್ನು ಎಷ್ಟು ಒತ್ತಿ ಎಳೆದರೂ ಪರದೆಗೆ ಅದರ ಸುಳಿವೇ ಸಿಗಲಿಲ್ಲ. ಹಸಿಯದರೊಳಗಿನ ನೀರು ಅದನ್ನು ನನ್ನ ಕೈಯ ಮುಂದುವರಿಕೆಯನ್ನಾಗಿ ಮಾಡುತ್ತದೆ, ಒಣಗಿದ್ದು ವಿದ್ಯುತ್ತಿನ ಪಾಲಿಗೆ ಬರಿಯ ಕಡ್ಡಿ. ಹಸಿ ಮೆಣಸಿನಕಾಯಿಯನ್ನೇ ಗಾಜಿನ ಮೇಲೆ ಮಲಗಿಸಿ ಕೈಬಿಟ್ಟಾಗ ಅದೂ ಕಾಣದಂತಾಯಿತು, ಏಕೆಂದರೆ ಆವೇಶ ಹರಿದುಹೋಗಲು ಅದರ ಹಿಂದೆ ಒಂದು ದೊಡ್ಡ ಮೈ ಇರಲಿಲ್ಲ. ಹಿಂದಿನ ಕಾಲದ, ಕಡ್ಡಿಯಿಂದ ಒತ್ತುವ ಫೋನುಗಳಲ್ಲಿ ಎರಡು ಪದರಗಳು ಒತ್ತಡಕ್ಕೆ ಬಾಗಿ ಒಂದನ್ನೊಂದು ಮುಟ್ಟುತ್ತಿದ್ದವು. ಅವುಗಳ ಮೇಲೆ ಒಣ ಮೆಣಸಿನಕಾಯಿಯೂ ನಡೆಯುತ್ತಿತ್ತು. ಧಾರಕತೆಯಿಂದ ಬೆರಳನ್ನು ಗುರುತಿಸುವ ಪರದೆಯ ವಿಚಾರವನ್ನು ಇಂಗ್ಲೆಂಡಿನ ರಾಡಾರ್ ಸಂಶೋಧನಾ ಸಂಸ್ಥೆಯಲ್ಲಿದ್ದ ಇ. ಎ. ಜಾನ್ಸನ್ 1965ರಲ್ಲಿಯೇ ಪ್ರಕಟಿಸಿದ್ದರು, ಆದರೆ ಅದು ಜನರ ಕಿಸೆಗೆ ಬಂದದ್ದು 2007ರ ನಂತರ. ಇದನ್ನು ಕೇಳಿದ ಮಾವ, ಹಸಿ ಮೆಣಸಿನಕಾಯಿಯಿಂದ ತಮ್ಮ ಹೆಸರನ್ನು ಎರಡು ಸಲ ಬರೆದು ನೋಡಿ ಸಂತೋಷಪಟ್ಟರು.

ಟಚ್ ಸರಿ ಇದೆ ಎಂದಾದ ಮೇಲೆ "ಮಧ್ಯಾಹ್ನ ತಾನ ಒತ್ಕೊಂತೈತಿ" ಎಂಬ ಮಾತು ಉಳಿಯಿತು. ಮಧ್ಯಾಹ್ನ ಏನು ಮಾಡುತ್ತೀರಿ ಎಂದು ಕೇಳಿದಾಗ, ಊಟದ ಹೊತ್ತಿಗೆ ಅಂಗಡಿಯಲ್ಲಿಯೇ ಚಾರ್ಜಿಗೆ ಹಾಕಿಕೊಂಡು ಮಾತನಾಡುತ್ತೇನೆ ಎಂದರು. ಸಂತೆಯಲ್ಲಿ ಕೊಂಡ, ಯಾವ ಗುರುತೂ ಇಲ್ಲದ ಆ ಚಾರ್ಜರ್ ಅವರ ಚೀಲದಲ್ಲಿಯೇ ಇತ್ತು. ಅದನ್ನು ಹಚ್ಚಿ ಅದೇ ಪುಟದಲ್ಲಿ ಗೆರೆ ಎಳೆದೆ. ನೇರವಾಗಿ ಬರಬೇಕಾದ ಗೆರೆ ಗರಗಸದ ಹಲ್ಲಿನಂತೆ ಕುಣಿಯಿತು, ನಡುನಡುವೆ ನಾನು ಮುಟ್ಟದ ಜಾಗದಲ್ಲಿಯೂ ಚುಕ್ಕೆಗಳು ಬಿದ್ದವು. ಆ ಚುಕ್ಕೆಗಳು ಬೀಳುತ್ತಿದ್ದುದು ಹೆಚ್ಚಾಗಿ ನನ್ನ ಬೆರಳಿದ್ದ ನೇರದಲ್ಲಿಯೇ ಎಂಬುದನ್ನು ಗಮನಿಸಿದೆ. ನನ್ನ ಸ್ವಂತ ಚಾರ್ಜರ್ ಹಚ್ಚಿದಾಗ ಗೆರೆ ಮತ್ತೆ ನೆಟ್ಟಗಾಯಿತು.

ಇದಕ್ಕೆ ಕಾರಣ ಹೀಗಿದೆ. ಇಂಥ ಚಾರ್ಜರ್ ಒಳಗೆ 230 ವೋಲ್ಟಿನ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸಿ ಐದು ವೋಲ್ಟಿಗೆ ಇಳಿಸುತ್ತಾರೆ. ಆ ಕಡಿತದ ಗದ್ದಲ ಫೋನಿನ ಕಡೆಗೆ ಸೋರದಂತೆ ತಡೆಯುವ ಸೋಸಕಗಳನ್ನು ಅಗ್ಗದ ಚಾರ್ಜರಿನಲ್ಲಿ ಬಿಟ್ಟಿರುತ್ತಾರೆ. ಆಗ ಬ್ಯಾಟರಿಗೆ ಸಿಗುವ ಐದು ವೋಲ್ಟ್ ಸರಿಯಾಗಿಯೇ ಇದ್ದರೂ, ಫೋನಿನ ನೆಲಗಟ್ಟಾದ ಗ್ರೌಂಡ್ ಇಡಿಯಾಗಿ ಭೂಮಿಯ ಲೆಕ್ಕದಲ್ಲಿ ವೇಗವಾಗಿ ಮೇಲೆ ಕೆಳಗೆ ಓಲಾಡುತ್ತಿರುತ್ತದೆ. ನೆಲದ ಮೇಲೆ ನಿಂತ ನಮ್ಮ ಮೈ ಹಾಗೆ ಓಲಾಡುವುದಿಲ್ಲ. ಪಿಕೋಫ್ಯಾರಡ್‌ನ ಸಣ್ಣ ಪಾಲನ್ನು ಅಳೆಯುತ್ತ ಕುಳಿತ ಚಿಪ್‌ಗೆ, ಸ್ಥಿರವಾಗಿರುವ ಬೆರಳೇ ಗದ್ದಲವನ್ನು ಒಳಗೆ ನೂಕುತ್ತಿರುವಂತೆ ತೋರುತ್ತದೆ. ಬೆರಳಿಲ್ಲದಾಗ ಪರದೆ ಶಾಂತವಾಗಿದ್ದು, ಬೆರಳಿಟ್ಟ ಕೂಡಲೇ ಅದೇ ಸಾಲಿನಲ್ಲಿ ಭೂತಸ್ಪರ್ಶಗಳು ಹುಟ್ಟುವುದಕ್ಕೆ ಇದೇ ಕಾರಣ.

ಗದ್ದಲವನ್ನು ಕಿವಿಯಿಂದಲೇ ಕೇಳಬೇಕೆನಿಸಿ ಹಳೆಯ ಟ್ರಾನ್ಸಿಸ್ಟರ್ ರೇಡಿಯೊವನ್ನು ತಂದು 765 ಕಿಲೋಹರ್ಟ್ಜ್‌ನ ಆಕಾಶವಾಣಿ ಧಾರವಾಡಕ್ಕೆ ಇಟ್ಟೆ. ಸಂತೆಯ ಚಾರ್ಜರನ್ನು ಒಂದು ಗೇಣು ದೂರಕ್ಕೆ ತಂದಾಗ ನಿಲಯದ ಧ್ವನಿ ಗುಂಯ್‌ಗುಡುವ ಸದ್ದಿನಲ್ಲಿ ಪೂರ್ತಿ ಮುಳುಗಿಹೋಯಿತು. ನನ್ನ ಚಾರ್ಜರ್ ಹತ್ತಿರ ತಂದಾಗ ತುಸು ಗೊರಗೊರ ಬಂತೇ ಹೊರತು ವಾರ್ತೆಯ ಪ್ರತಿ ಶಬ್ದವೂ ಕೇಳುತ್ತಿತ್ತು. ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇಲ್ಲದವರಿಗೆ ಇದು ಒಳ್ಳೆಯ ಪರೀಕ್ಷೆ ಎಂದು ನನ್ನ ಅನುಭವ. ಭಾರತೀಯ ಮಾನಕ ಬ್ಯೂರೋದ, ಅಂದರೆ ಬಿಐಎಸ್ ಗುರುತಿರುವ ಚಾರ್ಜರೊಂದನ್ನು ಮಾವನಿಗೆ ಕೊಡಿಸಿದೆ, ಹಳೆಯದನ್ನು ನನ್ನ ಬಳಿಯೇ ಇಟ್ಟುಕೊಂಡೆ.

ಎರಡನೆಯ ದಿನ ಕರೆಯ ವೇಳೆ ಕತ್ತಲಾಗುವ ತೊಂದರೆಯನ್ನು ಕೈಗೆತ್ತಿಕೊಂಡೆ. ಕಿವಿಯ ಜಾಲರಿಯ ಪಕ್ಕ, ಗಾಜಿನ ಒಳಮೈಗೆ ಬಳಿದ ಕಪ್ಪು ಶಾಯಿಯ ಹಿಂದೆ, ಸಾಮೀಪ್ಯ ಸೆನ್ಸರ್ ಇರುತ್ತದೆ. ಅದರೊಳಗೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಚೆಲ್ಲುವ ಒಂದು ಎಲ್ಇಡಿ ಮತ್ತು ಹಿಂದಿರುಗಿ ಬಂದ ಬೆಳಕನ್ನು ಅಳೆಯುವ ಒಂದು ಫೋಟೋಡಯೋಡ್ ಅಕ್ಕಪಕ್ಕ ಕುಳಿತಿರುತ್ತವೆ. ಕೆನ್ನೆಯೋ ಕಿವಿಯೋ ಹತ್ತಿರ ಬಂದರೆ ಬೆಳಕು ತಿರುಗಿ ಬರುತ್ತದೆ, ಆಗ ಕೆನ್ನೆ ತಗುಲಿ ಕರೆ ಕಟ್ ಆಗಬಾರದೆಂದು ಫೋನು ಪರದೆಯನ್ನು ಆರಿಸುತ್ತದೆ. ಈ ಫೋನಿನ ಹಾರ್ಡ್‌ವೇರ್ ಪರೀಕ್ಷೆಯ ಪುಟದಲ್ಲಿ "ಹತ್ತಿರ", "ದೂರ" ಎಂಬುದರ ಜೊತೆಗೆ ಸೆನ್ಸರಿನ ಕಚ್ಚಾ ಅಂಕಿಯೂ ಕಾಣುತ್ತಿತ್ತು. ಹಾಗೆ ಕಾಣದೇ ಇದ್ದಿದ್ದರೆ ನಾನೂ ಬಹುಶಃ ಸೆನ್ಸರನ್ನೇ ಬದಲಾಯಿಸುತ್ತಿದ್ದೆ.

ಫೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಪಕ್ಕದಲ್ಲಿ ಅಳತೆಪಟ್ಟಿ ನಿಲ್ಲಿಸಿ, ಬಿಳಿಯ ಕಾರ್ಡನ್ನು ಮೇಲಿನಿಂದ ನಿಧಾನವಾಗಿ ಇಳಿಸುತ್ತ ಅಂಕಿಗಳನ್ನು ಬರೆದುಕೊಂಡೆ. ಎದುರಿಗೆ ಏನೂ ಇಲ್ಲದಾಗ 580. ಕಾರ್ಡು ಇಳಿದಂತೆ ಅಂಕಿ ಏರುತ್ತ 700ರ ಸುಮಾರಿಗೆ ಬಂದಾಗ ಪುಟದಲ್ಲಿ "ಹತ್ತಿರ" ಎಂದು ಬಂತು. ಕಾರ್ಡನ್ನು ಮೇಲೆತ್ತಿದೆ. ಅಂಕಿ 650ಕ್ಕೆ, 600ಕ್ಕೆ, ಕೊನೆಗೆ 580ಕ್ಕೆ ಇಳಿದು ನಿಂತಿತು, ಆದರೆ ಪುಟದಲ್ಲಿ "ಹತ್ತಿರ" ಎಂಬುದು ಹಾಗೆಯೇ ಉಳಿಯಿತು. ಕಾರ್ಡನ್ನು ಕೋಣೆಯ ಆಚೆಗೆ ಒಯ್ದರೂ ಅದು ಬದಲಾಗಲಿಲ್ಲ. ಸೆನ್ಸರಿನ ಕಿಂಡಿಯ ಮೇಲಿನ ಗಾಜಿಗೆ ಕಪ್ಪು ವೆಲ್ವೆಟ್ ಬಟ್ಟೆಯ ತುಂಡನ್ನು ಓರೆಯಾಗಿ ಹಿಡಿದು ಆಡಿಸಿದಾಗ ಒಮ್ಮೆ ಅಂಕಿ 500ಕ್ಕಿಂತ ಕೆಳಗಿಳಿಯಿತು, ಆ ಕ್ಷಣವೇ "ದೂರ" ಎಂದು ಬಂತು.

ಎಂದರೆ ಈ ಫೋನಿಗೆ ಒಂದಲ್ಲ, ಎರಡು ಹೊಸ್ತಿಲುಗಳಿವೆ. ಒಳಗೆ ಬರಲು 700ರ ಹೊಸ್ತಿಲು ದಾಟಬೇಕು, ಹೊರಗೆ ಹೋಗಲು 500ರ ಹೊಸ್ತಿಲು ದಾಟಬೇಕು. ಒಂದೇ ಹೊಸ್ತಿಲು ಇದ್ದರೆ ಕಿವಿ ಸ್ವಲ್ಪ ಅಲುಗಾಡಿದಾಗಲೆಲ್ಲ ಪರದೆ ಹತ್ತಿ ಆರಿ ಮಿಣುಕುತ್ತದೆ ಎಂಬ ಕಾರಣಕ್ಕೆ ತಯಾರಕರು ಬೇಕೆಂದೇ ಹೀಗೆ ಮಾಡಿರುತ್ತಾರೆ. ಶುಚಿಯಾದ ಫೋನಿನಲ್ಲಿ ಖಾಲಿ ಅಂಕಿ ನೂರಿನ ಆಸುಪಾಸಿನಲ್ಲಿರುವುದರಿಂದ ಈ ಏರ್ಪಾಡು ಯಾರ ಗಮನಕ್ಕೂ ಬರುವುದಿಲ್ಲ. ಮಾವನ ಫೋನಿನಲ್ಲಿ ಧೂಳು ಖಾಲಿ ಅಂಕಿಯನ್ನೇ 580ಕ್ಕೆ ಏರಿಸಿ, ಸರಿಯಾಗಿ ಎರಡು ಹೊಸ್ತಿಲುಗಳ ನಡುವೆ ತಂದು ನಿಲ್ಲಿಸಿತ್ತು. ಕರೆ ಬರುವಾಗ ಪರದೆ ಹತ್ತಿಯೇ ಇರುತ್ತದೆ, ಕಿವಿಗೆ ಹಿಡಿದಾಗ ಆರುತ್ತದೆ, ತೆಗೆದಾಗ ಮಾತ್ರ ಹತ್ತುವುದಿಲ್ಲ. ಅವರು ಹೇಳಿದ್ದು ಅಕ್ಷರಶಃ ಇದನ್ನೇ.

ಒಂದು ಸಂದೇಹ ಉಳಿದಿತ್ತು. ಮೆಣಸಿನಕಾಯಿ ಧೂಳು ಬೆಳಕನ್ನು ತಡೆದು ಅಂಕಿಯನ್ನು ಇಳಿಸಬೇಕಲ್ಲವೇ, ಏರಿಸುವುದು ಹೇಗೆ? ರಾತ್ರಿ ದೀಪ ಆರಿಸಿ, ಕಪ್ಪು ಕಾಗದದ ಮೇಲೆ ಒಂದು ಚಿಟಿಕೆ ಖಾರದಪುಡಿ, ಅದರ ಪಕ್ಕದಲ್ಲಿ ಒಂದು ಚಿಟಿಕೆ ಇದ್ದಿಲಪುಡಿ ಹಾಕಿ, ಟಿವಿ ರಿಮೋಟಿನ ಬಟನ್ ಒತ್ತಿ ಹಿಡಿದು, ಹಳೆಯ ಫೋನೊಂದರ ಮುಂದಿನ ಕ್ಯಾಮೆರಾದಿಂದ ನೋಡಿದೆ. ರಿಮೋಟಿನ ಅವಕೆಂಪು ಬೆಳಕು ನಮ್ಮ ಕಣ್ಣಿಗೆ ಕಾಣದಿದ್ದರೂ ಅನೇಕ ಕ್ಯಾಮೆರಾಗಳಿಗೆ ಕಾಣುತ್ತದೆ. ಇದ್ದಿಲು ಕಾಗದದಷ್ಟೇ ಕಪ್ಪಾಗಿತ್ತು. ಖಾರದಪುಡಿ ಮಾತ್ರ ಜೋಳದ ಹಿಟ್ಟಿನಂತೆ ಬೆಳ್ಳಗೆ ಹೊಳೆಯುತ್ತಿತ್ತು. ಬ್ಯಾಡಗಿ ಕಾಯಿಗೆ ಹೆಸರು ತಂದುಕೊಟ್ಟ ಕೆಂಪು ಬಣ್ಣದ ದ್ರವ್ಯಗಳು ನೀಲಿ ಮತ್ತು ಹಸಿರು ಬೆಳಕನ್ನು ನುಂಗುತ್ತವೆ, ಕೆಂಪನ್ನೂ ಅದರಾಚೆಯ ಅವಕೆಂಪನ್ನೂ ನುಂಗದೆ ಹಿಂದಕ್ಕೆ ಚೆಲ್ಲುತ್ತವೆ. ನಮಗೆ ಗಾಢವಾಗಿ ಕಾಣುವ ಪುಡಿ ಸೆನ್ಸರಿನ ಕಣ್ಣಿಗೆ ಸುಣ್ಣ ಬಳಿದ ಗೋಡೆ. ಬಣ್ಣ ಹೆಚ್ಚಿ ಖಾರ ಕಡಿಮೆಯಾದ ಈ ಕಾಯಿಯನ್ನು ಬಣ್ಣದ ಎಣ್ಣೆ ತೆಗೆಯಲೆಂದೇ ಕೊಳ್ಳುವ ಕಾರ್ಖಾನೆಗಳಿವೆ. ಆ ಎಣ್ಣೆಯ ಅಂಶ ಧೂಳಿನಲ್ಲಿಯೂ ಇರುವುದರಿಂದ ಅದು ಮಣ್ಣಿನ ಧೂಳಿನಂತೆ ಊದಿದರೆ ಹಾರುವುದಿಲ್ಲ, ಅಂಟಿ ಕೂರುತ್ತದೆ.

ಮೂರನೆಯ ದಿನ ಫೋನನ್ನು ತೆರೆದೆ. ಚಾರ್ಜನ್ನು ಮೊದಲೇ ಇಳಿಸಿ, ಹಿಂಬದಿಯ ಮುಚ್ಚಳದ ಅಂಚಿಗೆ ಹೇರ್ ಡ್ರೈಯರಿನ ಬಿಸಿಗಾಳಿ ಕೊಟ್ಟು, ಅಂಟು ಮೆದುವಾದ ಮೇಲೆ ಗಿಟಾರ್ ಮೀಟುವ ತೆಳುವಾದ ಪ್ಲಾಸ್ಟಿಕ್ ತುಂಡನ್ನು ಸುತ್ತಲೂ ಆಡಿಸಿದೆ. ಬೆರಳಚ್ಚಿನ ಸೆನ್ಸರ್ ಹಿಂಬದಿಯಲ್ಲಿರುವ ಫೋನುಗಳಲ್ಲಿ ಮುಚ್ಚಳವನ್ನು ಒಮ್ಮೆಲೇ ಎತ್ತಬಾರದು, ಅದನ್ನು ಬೋರ್ಡಿಗೆ ಜೋಡಿಸುವ ತೆಳುವಾದ ತಂತಿಪಟ್ಟಿ, ಅಂದರೆ ಸ್ಟ್ರಿಪ್, ಹರಿದರೆ ಹೊಸ ಸ್ಟ್ರಿಪ್ ಹುಡುಕುವುದು ಬೇರೆಯೇ ಕೆಲಸವಾಗುತ್ತದೆ. ಪುಸ್ತಕ ತೆರೆದಂತೆ ಒಂದು ಮಗ್ಗುಲಿನಿಂದ ಸ್ವಲ್ಪವೇ ಎತ್ತಿ, ಒಳಗಿನ ಕನೆಕ್ಟರ್ ಬಿಡಿಸಿ, ಆಮೇಲೆ ಮುಚ್ಚಳ ತೆಗೆದೆ. ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆದಿಟ್ಟೆ. ಸ್ಕ್ರೂಗಳನ್ನು ಫೋನಿನ ಚಿತ್ರ ಬರೆದ ಕಾಗದದ ಮೇಲೆ ಅವುಗಳದೇ ಜಾಗದಲ್ಲಿ ಟೇಪಿನಿಂದ ಅಂಟಿಸಿದೆ, ಏಕೆಂದರೆ ಉದ್ದದ ಸ್ಕ್ರೂವನ್ನು ಗಿಡ್ಡ ಸ್ಕ್ರೂವಿನ ತೂತಿಗೆ ತಿರುಗಿಸಿದರೆ ಅದು ಬೋರ್ಡನ್ನೋ ಡಿಸ್‌ಪ್ಲೇಯನ್ನೋ ಹಿಂದಿನಿಂದ ಚುಚ್ಚುತ್ತದೆ.

ಸೆನ್ಸರಿನ ಮೇಲೆ ಎರಡು ತೂತುಗಳಿರುವ ಪುಟ್ಟ ರಬ್ಬರಿನ ಟೊಪ್ಪಿಗೆ ಇತ್ತು. ಒಂದು ತೂತು ಎಲ್ಇಡಿಗೆ, ಇನ್ನೊಂದು ಫೋಟೋಡಯೋಡಿಗೆ, ನಡುವಿನ ಗೋಡೆ ಬೆಳಕು ನೇರವಾಗಿ ಸೋರದಂತೆ ತಡೆಯಲಿಕ್ಕೆ. ಭೂತಗನ್ನಡಿಯಲ್ಲಿ ನೋಡಿದಾಗ ಎರಡೂ ತೂತುಗಳ ಅಂಚಿನಲ್ಲಿ ಕೆಂಪು ಮೆತ್ತಿಕೊಂಡು, ಗೋಡೆಯ ಮೇಲಂಚಿನಿಂದ ಗಾಜಿನವರೆಗೆ ಒಂದು ಸಣ್ಣ ದಿಬ್ಬವೇ ಬೆಳೆದಿತ್ತು. ಎಲ್ಇಡಿಯ ಬೆಳಕು ಆ ದಿಬ್ಬಕ್ಕೆ ಬಡಿದು, ಹೊರಗೆ ಹೋಗದೆಯೇ ಪಕ್ಕದ ತೂತಿಗೆ ಇಳಿಯುತ್ತಿತ್ತು. ಟೊಪ್ಪಿಗೆಯನ್ನು ಚಿಮಟದಿಂದ ತೆಗೆದು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿದೆ. ಗಾಜಿನ ಒಳಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯ ತುದಿಯಿಂದ, ಉಜ್ಜದೆ, ಒಂದೇ ದಿಕ್ಕಿನಲ್ಲಿ ಒರೆಸಿದೆ. ಅವಕೆಂಪನ್ನು ಹಾಯಗೊಡುವ ಆ ಕಪ್ಪು ಶಾಯಿ ತುಂಬ ತೆಳುವಾದದ್ದು, ಬಲವಾಗಿ ಉಜ್ಜಿದರೆ ಕಿತ್ತುಬರುತ್ತದೆ. ನಾಲ್ಕನೆಯ ಹತ್ತಿಯ ತುದಿ ಬೆಳ್ಳಗೆ ಬಂದ ಮೇಲೆ ನಿಲ್ಲಿಸಿದೆ. ಕಿವಿಯ ಜಾಲರಿಯನ್ನು ಮೃದುವಾದ ಬ್ರಷ್ಷಿನಿಂದ ಹೊರಮುಖವಾಗಿ ಬಿಡಿಸಿದೆ. ತಾತ್ಕಾಲಿಕವಾಗಿ ಜೋಡಿಸಿ ನೋಡಿದಾಗ ಖಾಲಿ ಅಂಕಿ 130 ಇತ್ತು. ಕಾರ್ಡು ಇಳಿಸಿದೆ, ಎತ್ತಿದೆ. ಪರದೆ ಆರಿತು, ಹತ್ತಿತು. ಆ ರಾತ್ರಿ ಅದನ್ನೇ ಹತ್ತಿಪ್ಪತ್ತು ಸಲ ಮಾಡಿದೆ.

ಪವರ್ ಬಟನ್ ಮಾತ್ರ ನನ್ನನ್ನು ಹೆಚ್ಚು ದಣಿಸಿತು. ಹೊರಗೆ ಕಾಣುವುದು ಬರಿಯ ಟೊಪ್ಪಿಗೆ. ನಿಜವಾದ ಸ್ವಿಚ್ ಒಳಗೆ, ಪವರ್ ಮತ್ತು ವಾಲ್ಯೂಮ್ ಬಟನ್‌ಗಳೆರಡನ್ನೂ ಹೊತ್ತ ಕಿತ್ತಳೆ ಬಣ್ಣದ ತೆಳು ಸ್ಟ್ರಿಪ್ಪಿನ ಮೇಲಿರುತ್ತದೆ. ಸ್ವಿಚ್ಚಿನೊಳಗೆ ಉಕ್ಕಿನ ಪುಟ್ಟ ಗುಮ್ಮಟವೊಂದಿದೆ. ಒತ್ತಿದಾಗ ಅದು ಟಕ್ಕೆಂದು ಒಳಮುಖವಾಗಿ ಮಗುಚಿ, ನಡುವಿನ ಚಿನ್ನದ ಲೇಪದ ಬಿಂದುವನ್ನು ಮುಟ್ಟುತ್ತದೆ. ಬಿಟ್ಟಾಗ ತನ್ನ ಬಿಗುವಿನಿಂದಲೇ ಹಿಂದಕ್ಕೆ ಜಿಗಿಯುತ್ತದೆ. ನಮ್ಮ ಬೆರಳಿಗೆ ತಿಳಿಯುವ ಟಕ್ ಎಂಬುದು ಆ ಗುಮ್ಮಟದ್ದೇ, ಮತ್ತು ಅದು ಚಲಿಸುವ ದೂರ ಕಾಲು ಮಿಲಿಮೀಟರಿನ ಆಸುಪಾಸು. ಬಟನಿನ ಗೆರೆಯನ್ನು ಒಂದು ರೋಧದ, ಅಂದರೆ ರೆಸಿಸ್ಟರಿನ ಮೂಲಕ 1.8 ವೋಲ್ಟಿಗೆ ಎತ್ತಿ ಕಟ್ಟಿರುತ್ತಾರೆ. ಗುಮ್ಮಟ ಮುಟ್ಟಿದಾಗ ಗೆರೆ ಗ್ರೌಂಡಿಗೆ ಇಳಿಯುತ್ತದೆ, ಪವರ್ ನಿರ್ವಹಿಸುವ ಚಿಪ್ ಆ ಇಳಿತವನ್ನು ನೋಡುತ್ತದೆ. ಲೋಹ ಲೋಹಕ್ಕೆ ತಗುಲುವಾಗ ಕೆಲವು ಮಿಲಿಸೆಕೆಂಡು ಪುಟಿಯುವುದರಿಂದ, ಆ ಪುಟಿತವನ್ನೆಲ್ಲ ಒಂದೇ ಒತ್ತು ಎಂದು ಎಣಿಸಲು ಚಿಪ್ ಸ್ವಲ್ಪ ಕಾದು ನೋಡುತ್ತದೆ.

ಮಲ್ಟಿಮೀಟರನ್ನು ರೋಧದ ಅಳತೆಗೆ ಇಟ್ಟು ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿದೆ. ವಾಲ್ಯೂಮಿನ ಎರಡೂ ಸ್ವಿಚ್ಚುಗಳು ಪ್ರತಿ ಒತ್ತಿಗೂ ಎರಡು ಓಮಿಗಿಂತ ಕಡಿಮೆ ತೋರಿಸಿದವು. ಪವರ್ ಸ್ವಿಚ್ಚನ್ನು ಇಪ್ಪತ್ತು ಸಲ ಒತ್ತಿದಾಗ ಒಂಬತ್ತು ಸಲ ಮಾತ್ರ ಅಂಕಿ ಬಂತು, ಉಳಿದ ಹನ್ನೊಂದು ಸಲ ಟಕ್ ಎಂಬ ಸದ್ದು ಕೇಳಿದರೂ ಮೀಟರ್ ತೆರೆದ ತಂತಿಯನ್ನೇ ತೋರಿಸಿತು. ಗುಮ್ಮಟ ಗಟ್ಟಿಯಾಗಿತ್ತು, ಆದರೆ ಅದರ ಅಡಿಗೆ ಎಣ್ಣೆಯ ಪೊರೆ ಕಟ್ಟಿತ್ತು. ಆಲ್ಕೋಹಾಲಿನ ಎರಡು ಹನಿ ಬಿಟ್ಟು ನೂರು ಸಲ ಒತ್ತಿ ಒಣಗಿಸಿದಾಗ ಇಪ್ಪತ್ತಕ್ಕೆ ಇಪ್ಪತ್ತೂ ಸರಿಬಂದವು. ನಾನು ಸಮಾಧಾನದಿಂದ ಫೋನನ್ನು ಮುಚ್ಚಿದೆ. ಎರಡು ದಿನಗಳ ನಂತರ ಅದು ಹಿಂದಿನಂತೆಯೇ ಆಯಿತು. ಪೊರೆ ಕರಗಿ ಹೊರಗೆ ಹರಿದಿರಲಿಲ್ಲ, ಸ್ವಿಚ್ಚಿನೊಳಗೇ ಹರಡಿ ಮತ್ತೆ ಕೂತಿತ್ತು. ಇಂಥ ಸ್ವಿಚ್ಚುಗಳ ಆಯಸ್ಸನ್ನು ಸಾಮಾನ್ಯವಾಗಿ ಒಂದು ಲಕ್ಷ ಒತ್ತುಗಳಿಂದ ಮೇಲಕ್ಕೆ ಎಣಿಸುತ್ತಾರೆ. ದಿನಕ್ಕೆ ನೂರು ಎಂದರೂ ವರ್ಷಕ್ಕೆ 36,500 ಆಗುತ್ತದೆ, ಈ ಫೋನಿಗೆ ಐದು ವರ್ಷ. ಇದನ್ನು ತೊಳೆಯುವ ಬದಲು ಮೊದಲೇ ಬದಲಾಯಿಸಬೇಕಿತ್ತು ಎಂದು ಈಗ ಬರೆದುಕೊಂಡಿದ್ದೇನೆ.

ಕೊಪ್ಪಿಕರ್ ರಸ್ತೆಯ ಕಡೆಗೆ ಹೋಗಿ ಹೊಸ ಬಟನ್ ಸ್ಟ್ರಿಪ್ ತಂದೆ. ಹಳೆಯದನ್ನು ಬಿಸಿ ತಾಗಿಸಿ ಬಿಡಿಸಿ, ಹೊಸದನ್ನು ಅದೇ ಜಾಗದಲ್ಲಿ ಅಂಟಿಸಿ, ಮುಚ್ಚಿ, ಆನ್ ಮಾಡಿದೆ. ಕಂಪನಿಯ ಗುರುತು ಬಂತು, ಪರದೆ ಆರಿತು, ಮತ್ತೆ ಗುರುತು ಬಂತು, ಮತ್ತೆ ಆರಿತು. ಹತ್ತು ನಿಮಿಷ ನನಗೆ ಬೆವರಿಳಿಯಿತು, ಬೋರ್ಡನ್ನೇ ಕೆಡಿಸಿದೆನೇನೋ ಎಂದುಕೊಂಡೆ. ಆಮೇಲೆ ಗಡಿಯಾರ ಹಿಡಿದು ನೋಡಿದಾಗ ಪ್ರತಿ ಸಲವೂ ಸುಮಾರು ಹತ್ತು ಸೆಕೆಂಡಿಗೆ ಆರುತ್ತಿತ್ತು. ಪವರ್ ಬಟನನ್ನು ಅಷ್ಟು ಹೊತ್ತು ಒತ್ತಿ ಹಿಡಿದರೆ ಪವರ್ ಚಿಪ್ ಯಾರ ಮಾತನ್ನೂ ಕೇಳದೆ ಫೋನನ್ನು ಮರುಪ್ರಾರಂಭಿಸುತ್ತದೆ. ಸಾಫ್ಟ್‌ವೇರ್ ಪೂರ್ತಿ ಸ್ತಬ್ಧವಾದಾಗಲೂ ಕೆಲಸ ಮಾಡಲೆಂದು ಅದನ್ನು ಚಿಪ್ಪಿನಲ್ಲಿಯೇ ಇಟ್ಟಿರುತ್ತಾರೆ. ಎಂದರೆ ಬಟನ್ ಒತ್ತಿಕೊಂಡೇ ಇದೆ. ಮತ್ತೆ ಮುಚ್ಚಳ ತೆಗೆದು ಸ್ಟ್ರಿಪ್ ಎಬ್ಬಿಸಿದಾಗ, ಅದರ ಹಿಂದೆ ಹಳೆಯ ಡಬಲ್ ಟೇಪಿನ ಉಗುರಿನಷ್ಟು ಚೂರು ಉಳಿದಿತ್ತು. ಅದರ ದಪ್ಪ 0.15 ಮಿಲಿಮೀಟರ್. ಕಾಲು ಮಿಲಿಮೀಟರ್ ಓಡುವ ಸ್ವಿಚ್ಚಿನ ಬೆನ್ನಿಗೆ ಅಷ್ಟು ದಪ್ಪ ಹೆಚ್ಚಾದಾಗ, ಹೊರಗಿನ ಟೊಪ್ಪಿಗೆಯೇ ಗುಮ್ಮಟವನ್ನು ಸದಾ ಅದುಮಿಟ್ಟಿತ್ತು. ಚೂರನ್ನು ಕೆರೆದು ತೆಗೆದ ಮೇಲೆ ಫೋನು ಒಂದೇ ಸಲಕ್ಕೆ ಎದ್ದುನಿಂತಿತು.

ಅಂಟು ಹಾಕುವ ಮೊದಲು ಉಳಿದ ಸೆನ್ಸರುಗಳನ್ನೂ ಒಮ್ಮೆ ನೋಡಿದೆ. ಸಮತಲದ ಮೇಲೆ ಮಲಗಿಸಿದಾಗ ಫೋನಿನ ಅಲುಗಾಟವನ್ನೂ ಗುರುತ್ವವನ್ನೂ ಅಳೆಯುವ ವೇಗೋತ್ಕರ್ಷ ಮಾಪಕ (ಆಕ್ಸೆಲೆರೋಮೀಟರ್) ಸೆಕೆಂಡಿನ ವರ್ಗಕ್ಕೆ 9.8 ಮೀಟರಿನ ಹತ್ತಿರದ ಅಂಕಿ ಕೊಟ್ಟಿತು. ಹುಬ್ಬಳ್ಳಿಯ ಅಕ್ಷಾಂಶಕ್ಕೂ ಎತ್ತರಕ್ಕೂ ಗುರುತ್ವದ ಲೆಕ್ಕ 9.78 ಬರುತ್ತದೆ, ಫೋನಿನ ಸೆನ್ಸರಿಗೆ ಅಷ್ಟು ವ್ಯತ್ಯಾಸ ಸಹಜ. ಕೂದಲಿಗಿಂತ ಸಪೂರವಾದ ಸಿಲಿಕಾನ್ ಬಾಚಣಿಗೆಯೊಂದು ಇನ್ನೊಂದರ ಹಲ್ಲುಗಳ ನಡುವೆ ತೂಗಾಡುತ್ತ, ಅವುಗಳ ನಡುವಿನ ಧಾರಕತೆ ಬದಲಾದುದನ್ನು ಅಳೆದು ಈ ಅಂಕಿ ಕೊಡುತ್ತದೆ. ಟಚ್ ಪರದೆಯ ತತ್ತ್ವವೇ ಇಲ್ಲಿಯೂ ಇದೆ. ದಿಕ್ಸೂಚಿ ಮಾತ್ರ ಅಡ್ಡಾದಿಡ್ಡಿ ತೋರಿಸಿತು, ಫೋನಿನ ಪುಸ್ತಕದಂಥ ಕವರಿನ ಮುಚ್ಚಳದಲ್ಲಿದ್ದ ಆಯಸ್ಕಾಂತವನ್ನು ದೂರ ಸರಿಸಿದಾಗ ಸರಿಹೋಯಿತು.

ಬಿ-7000 ಅಂಟು ಹಚ್ಚಿ, ರಬ್ಬರ್ ಬ್ಯಾಂಡ್ ಸುತ್ತಿ, ಒಂದು ರಾತ್ರಿ ಬಿಟ್ಟು ಫೋನನ್ನು ಮಾವನಿಗೆ ಕೊಟ್ಟೆ. ಜಾಲರಿಯ ಹೊರಗೆ ಧೂಳು ತಡೆಯುವ ತೆಳುವಾದ ನೈಲಾನ್ ಬಲೆಯ ಸ್ಟಿಕ್ಕರ್ ಹಚ್ಚಿದ್ದೇನೆ, ಸೆನ್ಸರಿನ ಕಿಂಡಿಗೆ ಅದು ಅಡ್ಡ ಬಾರದಂತೆ ಅಂಚನ್ನು ಕತ್ತರಿಸಿದ್ದೇನೆ. ಹಾರ್ಡ್‌ವೇರ್ ಪರೀಕ್ಷೆಯ ಪುಟ ತೆರೆಯುವುದನ್ನು ಅವರಿಗೆ ಕಲಿಸಿ, ವಾರಕ್ಕೊಮ್ಮೆ ಖಾಲಿ ಅಂಕಿ ನೋಡಿ ಹೇಳಲು ಕೇಳಿಕೊಂಡಿದ್ದೇನೆ. ಅವರು ಅದನ್ನು ಅಂಗಡಿಯ ಖಾತೆ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿಯೇ ಬರೆದಿಡುತ್ತಿದ್ದಾರೆ. ಮೊದಲ ವಾರ 130, ಎರಡನೆಯ ವಾರ 135, ಮೂರನೆಯ ವಾರ 150. ಅಂಕಿ 400 ತಲುಪಿದ ದಿನ ಫೋನನ್ನು ಮತ್ತೆ ಹುಬ್ಬಳ್ಳಿಗೆ ತರುವುದೆಂದು ಮಾತಾಗಿದೆ.